ಎರಡು ಸೀಸನ್, ಅದೇ ಬೇರಿಂಗ್: ನಮ್ಮ ಮಲ್ಚರ್ ಅನುಭವ

ನಮ್ಮ ಮಲ್ಚರ್, ಅಂದರೆ ಟ್ರ್ಯಾಕ್ಟರ್‌ಗೆ ಕಟ್ಟಿ ಕಳೆ, ಕಡ್ಡಿ ಪುಡಿ ಮಾಡುವ ಯಂತ್ರ, ಕಳೆದ ಎರಡು ಸೀಸನ್‌ನಲ್ಲಿ ಈ ಏಪ್ರಿಲ್‌ವರೆಗೆ ಹತ್ತಿರ ಹತ್ತಿರ 600 ಗಂಟೆ ಓಡಿದೆ. ಒಳಗೆ ತಿರುಗುವ ಉರುಳೆಯ, ಅಂದರೆ ರೋಟರ್‌ನ, ಬೇರಿಂಗ್ ಇನ್ನೂ ಅದೇ. ಬೇಲೂರು ಸುತ್ತಮುತ್ತ ಇದನ್ನು ನಂಬದವರು ಇದ್ದಾರೆ, ಬಂದು ಕೈಯಿಟ್ಟು ನೋಡಲಿ.

ಮೊದಲ ವರ್ಷ ಹೀಗಿರಲಿಲ್ಲ. ಸಕಲೇಶಪುರದ ಕಡೆ ವರ್ಷಗಟ್ಟಲೆ ಪಾಳು ಬಿದ್ದ ತೋಟದಲ್ಲಿ ಲಂಟಾನ ಹೊಡೆಯಲು ಹೋಗಿದ್ದೆ. 90 ಗಂಟೆ ಆಗುವಷ್ಟರಲ್ಲಿ ಎಡಗಡೆ ಬೇರಿಂಗ್ ಹೋಯಿತು. ಬೇರಿಂಗ್, ಲೇತ್ ಕೆಲಸ, ಕೂಲಿ ಎಲ್ಲ ಸೇರಿ 22 ಸಾವಿರದ ಆಸುಪಾಸು. ಮೇಲೆ ಐದು ದಿನದ ಬಾಡಿಗೆ ಲಾಸ್. ಗ್ರೀಸ್ ಸಾಲಲಿಲ್ಲ ಅಂತ ಮೆಕ್ಯಾನಿಕ್ ಹೇಳಿದ, ನಾನು ದಿನಾ ಬೆಳಿಗ್ಗೆ ನಿಪ್ಪಲ್‌ಗೆ ಹದಿನೈದು ಇಪ್ಪತ್ತು ಸಲ ಪಂಪ್ ಹೊಡೆಯಲು ಶುರು ಮಾಡಿದೆ. ಎರಡು ತಿಂಗಳಿಗೆ ಬಲಗಡೆಯದೂ ಹೋಯಿತು. ಗ್ರೀಸ್ ಜಾಸ್ತಿಯಾಗಿ ಬಿಸಿಯಾಗಿತ್ತು, ಮಣ್ಣು, ನೀರು ತಡೆಯುವ ಸೀಲ್ ಹೊರಗೆ ತಳ್ಳಿಕೊಂಡಿತ್ತು, ಆ ಸಂದಿಯಲ್ಲಿ ಮಣ್ಣು ಹೊಕ್ಕಿತ್ತು.

ಆ ಸಲ ಬಿಚ್ಚುವಾಗ ನಾನೇ ಪಕ್ಕದಲ್ಲಿ ಕೂತಿದ್ದೆ. ರೋಟರ್ ತುದಿಗೂ ಸೈಡ್ ಪ್ಲೇಟಿಗೂ ನಡುವೆ ಲಂಟಾನದ ನಾರು ಹುರಿಹಗ್ಗದ ಹಾಗೆ ಬಿಗಿಯಾಗಿ ಸುತ್ತಿತ್ತು. ಜೊತೆಗೆ ಹಳೇ ಬೇಲಿಯ ತಂತಿ ಎರಡು ಗೇಣು. ಸೀಲ್ ಕೊಯ್ದದ್ದು ಅದೇ. ಎಷ್ಟು ಗ್ರೀಸ್ ಹೊಡೆದರೇನು ಬಂತು?

ಅಂದಿನಿಂದ ನಾನು ಮಾಡುವುದು ಇಷ್ಟು. ಸಂಜೆ ಕೆಲಸ ನಿಂತ ತಕ್ಷಣ ಎಂಜಿನ್ ಆಫ್, ಕೀ ಜೇಬಿಗೆ, ಟ್ರ್ಯಾಕ್ಟರ್‌ನಿಂದ ಮಲ್ಚರ್ ತಿರುಗಿಸುವ ಪಿಟಿಒ ಶಾಫ್ಟ್ ಬಿಚ್ಚಿ ಪಕ್ಕಕ್ಕೆ, ಮಲ್ಚರ್ ಕೆಳಗೆ ದಪ್ಪ ಮರದ ತುಂಡು. ಹೈಡ್ರಾಲಿಕ್ ನಂಬಿ ಯಾರೂ ಕೆಳಗೆ ಕೈ ಹಾಕಬೇಡಿ. ಆಮೇಲೆ ಕುಡ್ಲು ತಗೊಂಡು ಎರಡೂ ತುದಿಯ ನಾರು ಪೂರ್ತಿ ಕೊಯ್ದು ತೆಗೆಯುತ್ತೇನೆ. ಬೇರಿಂಗ್ ಇನ್ನೂ ಬೆಚ್ಚಗಿರುವಾಗಲೇ ಗ್ರೀಸ್, ಮೂರೇ ಪಂಪ್. ಮಧ್ಯಾಹ್ನ ಊಟಕ್ಕೆ ನಿಂತಾಗ ಇನ್ನೆರಡು. ಬಿಸಿಗೆ ಹಳೇ ಗ್ರೀಸ್ ಮೆತ್ತಗಿರುತ್ತದೆ, ಸುಲಭವಾಗಿ ಜಾಗ ಬಿಡುತ್ತದೆ. ರಾತ್ರಿ ಮಂಜಿನ ನೀರೂ ಒಳಗೆ ಇಳಿಯುವುದಿಲ್ಲ.

"ದಿನಾ ಅರ್ಧ ಗಂಟೆ ಇದಕ್ಕೇ ಕೊಟ್ಟರೆ ಡೀಸೆಲ್ ದುಡ್ಡೂ ಹುಟ್ಟಲ್ಲ ಕಣೋ" ಅಂತ ನಮ್ಮ ಭಾವ ಬೈದರು. ಈಗ ಅವರ ಟ್ರ್ಯಾಕ್ಟರ್ ಡ್ರೈವರನ್ನು ನನ್ನ ಹತ್ತಿರ ಕಳಿಸುತ್ತಾರೆ. ರೋಟರ್ ತುದಿಯ ಆ ಸಂದಿಗೆ ಲೇತ್‌ನಲ್ಲಿ ಒಂದು ರಿಂಗ್ ಕೂಡ ಮಾಡಿಸಿದ್ದೇನೆ. ಅದರ ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ, ಎರಡು ಬೇರಿಂಗ್ ಕಳೆದುಕೊಂಡು ಕಲಿತದ್ದು.

ರೋಟರ್ ಮೇಲಿರುವ, ಕಡ್ಡಿ ಜಜ್ಜುವ ಹ್ಯಾಮರ್ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. ಮುರಿದದ್ದು ಒಂದು ಅಂತ ಒಂದನ್ನೇ ಹಾಕುತ್ತಾರೆ. ನಾನೂ ಹಾಕಿದ್ದೆ, ಮೂರನೇ ದಿನಕ್ಕೆ ಬೇರಿಂಗ್ ಕೂರುವ ಹೌಸಿಂಗ್‌ನ ಬೋಲ್ಟ್ ಸಡಿಲ. ಅಷ್ಟು ವೇಗದಲ್ಲಿ ತಿರುಗುವ ರೋಟರ್‌ಗೆ ಸ್ವಲ್ಪ ತೂಕದ ವ್ಯತ್ಯಾಸವೂ ದೊಡ್ಡ ಪೆಟ್ಟು. ಈಗ ಮನೆಯಲ್ಲಿ ಮೆಣಸು ತೂಗುವ ತಕ್ಕಡಿಯಲ್ಲಿ ಹ್ಯಾಮರ್ ತೂಗಿ, ಹತ್ತು ಗ್ರಾಂ ಒಳಗಿನ ವ್ಯತ್ಯಾಸದ ಜೋಡಿ ಮಾಡಿಟ್ಟಿದ್ದೇನೆ. ಒಂದು ಬದಲಾಯಿಸಿದರೆ ಎದುರಿನದನ್ನೂ ಬದಲಾಯಿಸುತ್ತೇನೆ. ಸವೆದದ್ದಕ್ಕೆ ವೆಲ್ಡಿಂಗ್ ಮಾಡಿ ಗಟ್ಟಿ ಲೋಹ ಕಟ್ಟಿಸಿಯೂ ನೋಡಿದೆ. ಕಾಫಿ ಗಿಡ ಸವರಿದ ಕಡ್ಡಿಗೆ ಚೆನ್ನಾಗಿ ಬಾಳಿತು. ಕಲ್ಲಿರುವ ಜಾಗದಲ್ಲಿ ಚೂರು ಚೂರಾಗಿ ಎದ್ದು ಹೋಯಿತು, ತೂಕವೂ ಕೆಟ್ಟಿತು.

ಬೇಸಿಗೆಯಲ್ಲಿ ಅರಸೀಕೆರೆ ಕಡೆ ತೆಂಗಿನ ಗರಿ ಪುಡಿ ಮಾಡಲು ಹೋಗುತ್ತೇನೆ. ಅಲ್ಲಿ ಬೇರಿಂಗ್‌ಗಿಂತ ರೇಡಿಯೇಟರ್ ಚಿಂತೆ ಜಾಸ್ತಿ. ಧೂಳು, ನಾರು ಎಲ್ಲ ಅಂಟಿ ಟೆಂಪರೇಚರ್ ಮುಳ್ಳು ಏರುತ್ತದೆ. ಸೊಳ್ಳೆ ಪರದೆ ಕಟ್ಟಿ ನೋಡಿದೆ, ಗಾಳಿಯೇ ಹೋಗದೆ ಇನ್ನೂ ಬಿಸಿಯಾಯಿತು. ಈಗ ಎರಡು ಗಂಟೆಗೊಮ್ಮೆ ಎಂಜಿನ್ ನಿಲ್ಲಿಸಿ, ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆಯುತ್ತೇನೆ. ಸೈಲೆನ್ಸರ್ ಹತ್ತಿರ ಕೂತ ಒಣ ತರಗನ್ನೂ ಆಗಲೇ ತೆಗೆಯುತ್ತೇನೆ, ಬೆಂಕಿ ಹತ್ತಲು ಅಷ್ಟು ಸಾಕು.

ಕೆಲಸ ಮುಗಿದ ಕೂಡಲೇ ನೀರು ಹಾಕಿ ತೊಳೆಯಬೇಡಿ. ಬಿಸಿ ಬೇರಿಂಗ್ ಥಟ್ಟನೆ ತಣ್ಣಗಾದರೆ ಸೀಲ್ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರೋಟರ್ ತಿರುಗಿಸುವ ಬೆಲ್ಟ್ ನಾಲ್ಕನ್ನೂ ಒಟ್ಟಿಗೆ ಬದಲಾಯಿಸುತ್ತೇನೆ. ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಆಗ ಹೌಸಿಂಗ್ ಕೂಡ ಬಿಚ್ಚಿ ನೋಡುತ್ತೇನೆ.