ಡ್ರಿಪ್ ಹಾಕಿದ ಕೈಯನ್ನು ಆಗಾಗ ನೋಡಿ

ನಮ್ಮ ಕಾಸರಗೋಡಿನ ಆಸ್ಪತ್ರೆಗಳಲ್ಲಿ ಬೈಸ್ಟ್ಯಾಂಡರ್ ಆಗಿ, ಅಂದರೆ ರೋಗಿಯ ಜೊತೆಗೆ ನೋಡಿಕೊಳ್ಳಲು ನಿಲ್ಲುವವರಿಗೆ ಒಂದು ಮಾತು. ಡ್ರಿಪ್ ಬಾಟಲಿ ಖಾಲಿಯಾಯಿತಾ ಅಂತ ಎಲ್ಲರೂ ನೋಡುತ್ತೇವೆ. ಸೂಜಿ ಹಾಕಿದ ಜಾಗವನ್ನು ನೋಡುವುದೇ ಇಲ್ಲ, ಅಲ್ವಾ?

ನಮ್ಮ ಅತ್ತೆಗೆ ಮೂರನೇ ದಿನ ಕ್ಯಾನುಲಾದ (ಡ್ರಿಪ್ ಹೋಗಲು ಕೈಯಲ್ಲಿ ಬಿಡುವ ಸಣ್ಣ ಕೊಳವೆ) ಸುತ್ತ ಕೆಂಪಾಗಿತ್ತು. ಮುಟ್ಟಿದರೆ ಬಿಸಿ. ಅಲ್ಲಿಂದ ಮೇಲಕ್ಕೆ ನರ ಹಗ್ಗದ ಹಾಗೆ ಗಟ್ಟಿಯಾಗಿ ಬೆರಳಿಗೆ ಸಿಗುತ್ತಿತ್ತು. ಸಿಸ್ಟರಿಗೆ ಸುಮ್ನೆ ತೊಂದರೆ ಯಾಕೆ ಅಂತ ಅವರು ನೋವನ್ನು ಹೇಳಿರಲೇ ಇಲ್ಲ. ಇದಕ್ಕೆ ಫ್ಲೆಬೈಟಿಸ್ ಅನ್ನುತ್ತಾರೆ, ರಕ್ತನಾಳದ ಉರಿಯೂತ.

ಹೀಗಾದರೆ ಕೂಡಲೇ ಸಿಸ್ಟರನ್ನು ಕರೆಯಿರಿ. ಮಲಯಾಳ ಬಾರದಿದ್ದರೆ ಜಾಗ ತೋರಿಸಿ "ವೇದನ ಉಂಡ್, ನೀರುಂಡ್" ಅಂದರೆ ಸಾಕು. ಅಲ್ಲಿ ನೀರು ಅಂದರೆ ಬಾವು. ಅವರು ಡ್ರಿಪ್ ನಿಲ್ಲಿಸಿ, ಕ್ಯಾನುಲಾ ತೆಗೆದು, ಬೇಕಿದ್ದರೆ ಇನ್ನೊಂದು ಕೈಗೆ ಹಾಕುತ್ತಾರೆ. ನೀವೇ ಎಳೆಯಬೇಡಿ.

ಆಮೇಲೆ ಕೈಯನ್ನು ದಿಂಬಿನ ಮೇಲೆ ಎತ್ತರದಲ್ಲಿಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 15-20 ನಿಮಿಷ ಇಟ್ಟರೆ ಹಾಯೆನಿಸುತ್ತದೆ. ಆದರೆ ಕೇಳಿಯೇ ಇಡಿ. ಕೆಲವು ಮದ್ದು ನರದಿಂದ ಹೊರಗೆ ಸೋರಿದ್ದರೆ ಬಿಸಿ ಕೊಡಬಾರದು. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿಯುವವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ತೆಂಗಿನೆಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ.

ಸೂಜಿ ತೆಗೆದ ಎರಡು ದಿನದೊಳಗೂ ಇದು ಶುರುವಾಗಬಹುದು. ಮನೆಗೆ ಬಂದ ಮೇಲೂ ನೋಡುತ್ತಿರಿ. ಕೀವು, ಚಳಿಜ್ವರ, ಮೇಲಕ್ಕೆ ಹರಡುವ ಕೆಂಪು ಗೆರೆ ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.