ಬಾಡಿಗೆ ರೂಮಿನಲ್ಲಿ ಕ್ಯಾಲ್ಕುಲಸ್

1969ರಲ್ಲಿ ಮೈಸೂರಿನಿಂದ ಅಮೆರಿಕಕ್ಕೆ ಹೋದೆ, ಗಣಿತದಲ್ಲಿ ಪಿಎಚ್‌ಡಿ ಮಾಡಲು. ಖರ್ಚಿಗೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ. ಎರಡನೇ ವರ್ಷದ ಹುಡುಗರಿಗೆ ಕ್ಯಾಲ್ಕುಲಸ್ ಹೇಳಿಕೊಡಬೇಕು, ಪೇಪರ್ ತಿದ್ದಬೇಕು.

ನಮ್ಮೂರಲ್ಲಿ ಫೇಲ್ ಆದವನು ಅಪ್ಪನ ಹತ್ತಿರ ಬೈಸಿಕೊಳ್ಳುತ್ತಿದ್ದ, ಅಷ್ಟೇ. ಅಲ್ಲಿ ಹಾಗಲ್ಲ. ಕಾಲೇಜಿನಲ್ಲಿ ನೆಟ್ಟಗೆ ಓದುತ್ತಿರುವ ಹುಡುಗನಿಗೆ 2-ಎಸ್ ಅನ್ನುವ ವಿನಾಯಿತಿ ಇತ್ತು, ಕಡ್ಡಾಯ ಸೈನ್ಯಸೇವೆಗೆ ಕರೆ ಬರುತ್ತಿರಲಿಲ್ಲ. ಓದಿನಲ್ಲಿ ಹಿಂದೆ ಬಿದ್ದರೆ ಅದು ಹೋಯಿತು. ಆಮೇಲೆ ವಿಯೆಟ್ನಾಂ ಯುದ್ಧ. ಯಾರನ್ನು ಮೊದಲು ಸೈನ್ಯಕ್ಕೆ ಕರೆಯಬೇಕು ಎಂದು ತೀರ್ಮಾನಿಸಲು ಆ ವರ್ಷದ ಡಿಸೆಂಬರ್ 1ರಂದು ಹುಟ್ಟಿದ ತಾರೀಖುಗಳ ಲಾಟರಿ ಎತ್ತಿದರು. 366 ನೀಲಿ ಕ್ಯಾಪ್ಸೂಲ್, ಮೊದಲು ಬಂದದ್ದು ಸೆಪ್ಟೆಂಬರ್ 14. ಅಲ್ಲಿಂದ ಕೆಂಪು ಪೆನ್ನು ಹಿಡಿದರೆ ನನ್ನ ಕೈ ನಡುಗುತ್ತಿತ್ತು.

1970ರ ಏಪ್ರಿಲ್ 30ರಂದು ವಿಯೆಟ್ನಾಂ ಪಕ್ಕದ ಕಾಂಬೋಡಿಯಾಕ್ಕೂ ಸೈನ್ಯ ಹೋಗುತ್ತದೆ ಎಂದು ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಹೇಳಿದರು. ಮೇ 4ಕ್ಕೆ ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದನ್ನು ವಿರೋಧಿಸಿ ಸೇರಿದ್ದ ವಿದ್ಯಾರ್ಥಿಗಳತ್ತ ನ್ಯಾಷನಲ್ ಗಾರ್ಡ್ ಅನ್ನುವ ರಾಜ್ಯದ ಮೀಸಲು ಸೈನ್ಯ 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಇಬ್ಬರು ಪ್ರತಿಭಟನೆಗೆ ಬಂದವರೇ ಅಲ್ಲ. ನೂರಾರು ಕ್ಯಾಂಪಸ್‌ಗಳಲ್ಲಿ ಮುಷ್ಕರ ಶುರುವಾಯಿತು, ನಮ್ಮಲ್ಲೂ.

ನಾನು ಮೆರವಣಿಗೆಗೆ ಹೋಗಲಿಲ್ಲ. ಸುಳ್ಳೇಕೆ ಹೇಳಲಿ, ವೀಸಾದ ಭಯ. ಆದರೂ ಅಶ್ರುವಾಯು ಗಣಿತ ವಿಭಾಗದ ಕಿಟಕಿಯಿಂದ ನುಗ್ಗಿ ನನ್ನನ್ನೂ ಅಳಿಸಿತು.

ಕ್ಲಾಸ್ ನಡೆಸಿದರೆ ಮುಷ್ಕರ ಮುರಿದಂತೆ. ನಡೆಸದಿದ್ದರೆ ಪರೀಕ್ಷೆ ಇಲ್ಲ, ಹುಡುಗರ ವಿನಾಯಿತಿಗೇ ಕುತ್ತು. ಹಾಗಾಗಿ ನನ್ನ ಬಾಡಿಗೆ ರೂಮಿಗೇ ಕರೆದೆ, ಆರಾರು ಜನರಂತೆ. ಅಲ್ಲಿನವರಿಗೆ ಚಕ್ಕಳಮಕ್ಕಳ ಹಾಕಿ ಕೂರಲು ಬರುವುದಿಲ್ಲ, ಕಾಲು ಚಾಚಿದರೆ ರೂಮೇ ತುಂಬಿತು. ಪರೀಕ್ಷೆಯ ಬದಲು ಒಬ್ಬೊಬ್ಬರಿಗೆ ಎರಡು ಲೆಕ್ಕ ಕೊಟ್ಟೆ. ಎದುರಿಗೇ ಬಿಡಿಸಬೇಕು, ಯಾಕೆ ಹೀಗೆ ಎಂದು ಹೇಳಬೇಕು. ತಪ್ಪಿದರೆ ಎರಡು ದಿನ ಬಿಟ್ಟು ಮತ್ತೆ ಬರಬೇಕು. ಲಿಖಿತ ಪರೀಕ್ಷೆಗಿಂತ ಇದರಲ್ಲೇ ಯಾರಿಗೆ ಎಷ್ಟು ಬರುತ್ತದೆ ಎಂದು ಚೆನ್ನಾಗಿ ಗೊತ್ತಾಯಿತು.

ಒಬ್ಬ ಐದು ಸಲ ಬಂದ. ಇಂಟಿಗ್ರೇಷನ್ ತಲೆಗೆ ಹತ್ತಲೇ ಇಲ್ಲ. ಲಾಟರಿಯಲ್ಲಿ ಅವನ ತಾರೀಖು ಮೊದಲ ಹತ್ತರೊಳಗಿತ್ತು. ಪಾಸ್ ಎಂದು ಬರೆದೆ. ಮೇಷ್ಟ್ರಾಗಿ ನಾನು ಮಾಡಿದ್ದು ತಪ್ಪು. ಈಗ ಕೇಳಿದರೂ ಅದನ್ನೇ ಬರೆಯುತ್ತೇನೆ.

ಪಕ್ಕದಲ್ಲಿದ್ದ ಇನ್ನೊಬ್ಬ ಇದನ್ನು ನೋಡುತ್ತಿದ್ದ. "ನಮ್ಮಣ್ಣ ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಈಗ ವಿಯೆಟ್ನಾಂನ ದಾ ನಾಂಗ್‌ನಲ್ಲಿದ್ದಾನೆ. ಅವನನ್ನು ಯಾರು ಪಾಸ್ ಮಾಡ್ತಾರೆ?" ಎಂದ.

ನಾನು ಅವನ ಹಾಳೆ ತೆಗೆದುಕೊಂಡು ನೋಡಿದೆ. ಎರಡು ಲೆಕ್ಕವೂ ಸರಿ ಇದ್ದವು.