ಗಿನಿಪಿಗ್ ಕೂದಲು ಉದುರುತ್ತಿದೆಯಾ? ಮುಲಾಮು ಆಮೇಲೆ, ಮೊದಲು ಜಾಗ ನೋಡಿ

ಮೊದಲ ಸಲ ಗಿನಿಪಿಗ್ ಸಾಕಿದಾಗ ಅದರ ಕಿವಿ ಹಿಂದೆ ನೋಡಿ ನನ್ನ ಎದೆ ಧಸಕ್ಕೆಂದಿತ್ತು. ಎರಡೂ ಕಿವಿಗಳ ಹಿಂದೆ ಬೆರಳ ತುದಿಯಷ್ಟು ಅಗಲ ಬೋಳು. ಒಂದೇ ಒಂದು ಕೂದಲಿಲ್ಲ. ಎರಡು ದಿನ ಎಣ್ಣೆ ಹಚ್ಚಿದೆ. ಮೂರನೇ ದಿನ ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಅವರು ನೋಡಿ ನಕ್ಕರು. ‘ಎಲ್ಲ ಗಿನಿಪಿಗ್‌ಗೂ ಅಲ್ಲಿ ಕೂದಲು ಇರಲ್ಲ. ಅದಕ್ಕೆ ಎಣ್ಣೆ ಯಾಕೆ ಹಚ್ಚಿದ್ರಿ?’ ಎಂದರು.

ಅಂದಿನಿಂದ ಕೂದಲು ಉದುರಿದ್ದು ಕಂಡರೆ ಮುಲಾಮಿನ ಡಬ್ಬಿ ಹುಡುಕುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೂದಲು ಹೋಗಿರುವುದು ಎಲ್ಲಿ? ತುರಿಕೆ ಇದೆಯಾ, ಇಲ್ವಾ? ಇಷ್ಟಕ್ಕೆ ಉತ್ತರ ಗೊತ್ತಾದರೆ ಕಾರಣ ಹೆಚ್ಚುಕಡಿಮೆ ಕೈಗೆ ಸಿಕ್ಕಂತೆ.

ಗಾಬರಿ ಬೇಡದ ಬೋಳು

ಕಿವಿ ಹಿಂದಿನದ್ದು ಹೇಳಿದೆನಲ್ಲ. ಇನ್ನೊಂದು ಹೊಟ್ಟೆಯ ಕೆಳಭಾಗದಲ್ಲಿದೆ. ಅಲ್ಲಿ ಎರಡು ಮೊಲೆತೊಟ್ಟು ಇರುತ್ತವೆ, ಗಂಡಿಗೂ ಇರುತ್ತವೆ. ಸುತ್ತ ಕೂದಲು ತೆಳ್ಳಗೆ. ಆ ತೊಟ್ಟನ್ನು ರಕ್ತ ಹೀರುವ ಉಣುಗು ಎಂದುಕೊಂಡು ಕೀಳಲು ಹೋದವರಿದ್ದಾರೆ, ದಯವಿಟ್ಟು ಬೇಡ. ಬೆನ್ನಿನ ತುದಿಯಲ್ಲಿ, ಬಾಲ ಇರಬೇಕಾದ ಜಾಗದ ಹತ್ತಿರ, ಜಿಡ್ಡು ಒಸರುವ ಗ್ರಂಥಿ ಇದೆ. ದೊಡ್ಡ ಗಂಡುಗಳಲ್ಲಿ ಅಲ್ಲಿನ ಕೂದಲು ಎಣ್ಣೆ ಹಚ್ಚಿದ ಹಾಗೆ ಅಂಟಂಟಾಗಿರುತ್ತದೆ.

ತಾಯಿ ಹಾಲು ಬಿಡುವ ವಯಸ್ಸಿನಲ್ಲಿ, ಅಂದರೆ ಸುಮಾರು ಮೂರು ವಾರಕ್ಕೆ, ಮರಿಗಳ ಕೂದಲು ಸ್ವಲ್ಪ ತೆಳುವಾಗುತ್ತದೆ. ಗಬ್ಬದ ಹೆಣ್ಣಿಗೂ ಕೊನೆಕೊನೆಗೆ ಪಕ್ಕೆಗಳಲ್ಲಿ ಹೀಗೆ ಆಗುವುದುಂಟು. ಎರಡೂ ತಾವಾಗಿಯೇ ಸರಿಹೋಗುತ್ತವೆ.

ಕೂರಿಸಿಕೊಂಡು ಸರಿಯಾಗಿ ನೋಡುವುದು ಹೇಗೆ

ಮೊದಲು ಮುಟ್ಟಬೇಡಿ. ಗೂಡಿನ ಪಕ್ಕ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಹಿಂಗಾಲಿನಲ್ಲಿ ಪದೇ ಪದೇ ಕೆರೆದುಕೊಳ್ಳುತ್ತದಾ? ತಿರುಗಿ ಬೆನ್ನು ಕಚ್ಚಿಕೊಳ್ಳುತ್ತದಾ? ಜೊತೆಯಲ್ಲಿರುವುದು ಅದರ ಕೂದಲು ಅಗಿಯುತ್ತಿದೆಯಾ? ಎತ್ತಿಕೊಂಡ ಮೇಲೆ ಅದು ಹೆದರಿ ಕಲ್ಲಿನಂತೆ ಕೂರುತ್ತದೆ, ಆಗ ಇದ್ಯಾವುದೂ ಕಾಣುವುದಿಲ್ಲ.

ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದುಕೊಳ್ಳಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ಇವತ್ತಿನ ಅಂಕಿಗಿಂತ ಕಳೆದ ವಾರದ ಅಂಕಿ ಮುಖ್ಯ. ಅದಕ್ಕೇ ಚೆನ್ನಾಗಿರುವಾಗಲೂ ವಾರಕ್ಕೊಮ್ಮೆ ತೂಕ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಈಗ ಕೈಗವಸು ಹಾಕಿಕೊಳ್ಳಿ. ಅತಿಯಾಯಿತು ಅನ್ನಿಸಬಹುದು, ಆದರೆ ಕೆಲವು ಚರ್ಮರೋಗ ನಮಗೂ ಹತ್ತುತ್ತವೆ. ಹಗಲಿನ ಬೆಳಕಿನಲ್ಲಿ, ತೊಡೆ ಮೇಲೆ ಟವೆಲ್ ಹಾಸಿ ಕೂರಿಸಿಕೊಳ್ಳಿ. ಮೂಗಿನಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಕೂದಲನ್ನು ಎದುರು ದಿಕ್ಕಿಗೆ ಸರಿಸಿ ಬುಡ ನೋಡಿ. ಚರ್ಮ ಕೆಂಪಗಿದೆಯಾ, ಹೊಟ್ಟು ಏಳುತ್ತಿದೆಯಾ, ಹಕ್ಕಳೆ ಕಟ್ಟಿದೆಯಾ ಎಂದು ಗಮನಿಸಿ. ಕೂದಲು ಬುಡದಿಂದಲೇ ಹೋಗಿದೆಯೋ, ಅರ್ಧಕ್ಕೆ ತುಂಡಾಗಿದೆಯೋ ನೋಡಿ. ಅಂಗಾಲುಗಳನ್ನು ಮರೆಯಬೇಡಿ. ಬೋಳಾದ ಪ್ರತಿ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ.

ವಿಪರೀತ ತುರಿಕೆ ಇದ್ದರೆ: ನುಸಿ

ತುರಿಕೆಯ ಜೊತೆ ಭುಜ, ಬೆನ್ನು, ಕುತ್ತಿಗೆ, ತೊಡೆಯ ಒಳಭಾಗದಲ್ಲಿ ಕೂದಲು ಹೋಗಿದ್ದರೆ ಮೊದಲ ಅನುಮಾನ ಟ್ರಿಕ್ಸಾಕರಸ್ ಕೇವಿಯೆ ಎಂಬ ನುಸಿಯ ಮೇಲೆ. ಮನುಷ್ಯರ ಕಜ್ಜಿ ನುಸಿಯ ದಾಯಾದಿ ಇದು. ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಅದು ಮಾಡಿದ ಹಾಳು ಮಾತ್ರ: ದಪ್ಪಗಾದ ಹಳದಿ ಚರ್ಮ, ಹೊಟ್ಟು, ಕೆರೆದು ಆದ ಗಾಯ.

ಈ ತುರಿಕೆಯನ್ನು ‘ಸ್ವಲ್ಪ ಕೆರೆತ’ ಎಂದುಕೊಳ್ಳಬೇಡಿ. ಜಾಸ್ತಿಯಾದಾಗ ಮೈ ಮುಟ್ಟಿದರೆ ಕಿರುಚುತ್ತದೆ, ಗೂಡಿನಲ್ಲಿ ಹುಚ್ಚು ಹಿಡಿದಂತೆ ಸುತ್ತುತ್ತದೆ, ಕೊನೆಗೆ ಫಿಟ್ಸ್ ಬಂದಂತೆ ಬಿದ್ದು ಒದ್ದಾಡುತ್ತದೆ. ಮಿದುಳಿನ ಕಾಯಿಲೆ ಎಂದುಕೊಂಡು ಆಸೆ ಬಿಟ್ಟವರುಂಟು. ಎಷ್ಟೋ ಸಲ ಅದು ಬರೀ ತುರಿಕೆಯ ಹಿಂಸೆ, ಔಷಧಿಗೆ ಬಗ್ಗುತ್ತದೆ. ಹೀಗೆ ಆದಾಗ ಜಾಸ್ತಿ ಮುಟ್ಟಬೇಡಿ. ಬೆಳಕು ಕಡಿಮೆ ಮಾಡಿ, ಮೆತ್ತನೆಯ ಬಟ್ಟೆ ಹಾಸಿದ ಡಬ್ಬದಲ್ಲಿಟ್ಟು ಅವತ್ತೇ ವೈದ್ಯರ ಬಳಿ ಒಯ್ಯಿರಿ.

ಹೊಸ ಪ್ರಾಣಿ ಯಾವುದೂ ಬಂದಿಲ್ಲ, ನುಸಿ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ನುಸಿ ತಿಂಗಳುಗಟ್ಟಲೆ ಸದ್ದಿಲ್ಲದೆ ಮೈಮೇಲೆ ಇರಬಲ್ಲದು. ಬೇರೆ ಕಾಯಿಲೆ, ಬಸಿರು, ಜಾಗ ಬದಲಾವಣೆ ಹೀಗೆ ಏನಾದರೂ ಮೈಯ ಶಕ್ತಿ ಕುಗ್ಗಿಸಿದಾಗ ತಲೆ ಎತ್ತುತ್ತದೆ. ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿ ನುಸಿ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ಆಳದಲ್ಲಿರುವುದರಿಂದ ತಪ್ಪಿಸಿಕೊಳ್ಳುತ್ತದೆ. ಲಕ್ಷಣ ನೋಡಿಯೇ ಔಷಧಿ ಶುರು ಮಾಡುವುದೂ ಉಂಟು.

ಔಷಧಿ ಐವರ್ಮೆಕ್ಟಿನ್ ಅಥವಾ ಸೆಲಮೆಕ್ಟಿನ್. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಇವು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ಒಡೆದು ಬಂದ ಮರಿಗಳಿಗಾಗಿ ಕೆಲವು ವಾರಗಳಲ್ಲಿ ಮತ್ತೆ ಮತ್ತೆ ಕೊಡಬೇಕು. ಎರಡನೆಯ ಡೋಸ್ ಹೊತ್ತಿಗೆ ಗಿನಿಪಿಗ್ ಆರಾಮಾಗಿ ಕಾಣುತ್ತದೆ, ಜನ ಅಲ್ಲಿಗೇ ಬಿಡುತ್ತಾರೆ. ತಿಂಗಳು ಕಳೆದ ಮೇಲೆ ಅದೇ ಕಥೆ. ಜೊತೆಯಲ್ಲಿರುವ ಎಲ್ಲದಕ್ಕೂ ಒಂದೇ ದಿನ ಕೊಡಬೇಕು, ಗೂಡಿನ ಹಾಸು ಅವತ್ತೇ ಬದಲಾಯಿಸಬೇಕು. ದನಕರುಗಳಿಗೆಂದು ತಂದ ಐವರ್ಮೆಕ್ಟಿನ್ ಮನೆಯಲ್ಲಿದೆ ಎಂದು ಅಂದಾಜಿನಲ್ಲಿ ಕೊಡಲೇಬೇಡಿ. 800 ಗ್ರಾಂ ಪ್ರಾಣಿಗೆ ಒಂದು ಹನಿ ಹೆಚ್ಚಾದರೂ ದೊಡ್ಡ ವ್ಯತ್ಯಾಸ.

ಹೇನು ಇದರಷ್ಟು ಕೆಟ್ಟದ್ದಲ್ಲ. ಕೂದಲ ನಡುವೆ ತೆಳ್ಳಗೆ, ಒಣಹುಲ್ಲಿನ ಬಣ್ಣದಲ್ಲಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಸೀರು ಕೂದಲಿಗೆ ಅಂಟಿಕೊಂಡಿರುತ್ತದೆ, ಕೊಡವಿದರೆ ಬೀಳುವುದಿಲ್ಲ. ಬಿದ್ದರೆ ಅದು ಹೊಟ್ಟು. ಗಿನಿಪಿಗ್ ಹೇನು ನಮ್ಮ ತಲೆಯಲ್ಲಿ ಮನೆ ಮಾಡುವುದಿಲ್ಲ, ನಿಶ್ಚಿಂತೆಯಿಂದಿರಿ. ಮೇಲೆ ಹೇಳಿದ ನುಸಿ ಮಾತ್ರ ನಮ್ಮ ಕೈಮೇಲೂ ಕೆಲ ದಿನ ತುರಿಸುವ ಗುಳ್ಳೆ ಎಬ್ಬಿಸಬಹುದು.

ಮೂಗು, ಕಣ್ಣು, ಕಿವಿ ಸುತ್ತ ಶುರುವಾದರೆ: ಹುಳುಕಡ್ಡಿ

ಹೆಸರು ಹುಳುಕಡ್ಡಿ, ಒಳಗೆ ಹುಳುವೇನೂ ಇಲ್ಲ. ಇದು ಶಿಲೀಂಧ್ರ, ಅಂದರೆ ಫಂಗಸ್. ಗಿನಿಪಿಗ್‌ನಲ್ಲಿ ಹೆಚ್ಚಾಗಿ ಮುಖದಿಂದಲೇ ಶುರು. ಮೂಗಿನ ಮೇಲೆ ಅಥವಾ ಕಣ್ಣಿನ ಸುತ್ತ ಸಣ್ಣ ಬೋಳು, ಅಂಚಿನಲ್ಲಿ ಹಕ್ಕಳೆ. ಆಮೇಲೆ ಬೆನ್ನಿಗೆ ಹಬ್ಬುತ್ತದೆ. ತುರಿಕೆ ಅಷ್ಟಾಗಿ ಇರುವುದಿಲ್ಲ. ಮರಿಗಳಿಗೆ, ಹೊಸದಾಗಿ ಮನೆಗೆ ಬಂದವಕ್ಕೆ ಬೇಗ ಹತ್ತುತ್ತದೆ.

ನಮಗೂ ಹತ್ತುತ್ತದೆ. ಮಕ್ಕಳಿಗಂತೂ ಸುಲಭವಾಗಿ. ಮುಖಕ್ಕೆ ಮುಖ ತಾಗಿಸಿ ಮುದ್ದು ಮಾಡುವುದನ್ನು ಗುಣವಾಗುವ ತನಕ ನಿಲ್ಲಿಸಿ. ಮನೆಯಲ್ಲಿ ಯಾರ ಮೈಮೇಲಾದರೂ ಉಂಗುರದಂಥ ಕೆಂಪು ಗುರುತು ಎದ್ದರೆ, ಗಿನಿಪಿಗ್ ಸಾಕಿದ್ದೇವೆ ಎಂದು ನಿಮ್ಮ ಡಾಕ್ಟರಿಗೂ ಹೇಳಿ.

ನೀಲಿ ದೀಪದಡಿ ಇಟ್ಟು ಹೊಳೆಯಲಿಲ್ಲ, ಹಾಗಾಗಿ ಫಂಗಸ್ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವುಡ್ಸ್ ಲ್ಯಾಂಪ್ ಎಂಬ ಆ ದೀಪ ಬೆಕ್ಕಿನ ಹುಳುಕಡ್ಡಿಗೆ ಉಪಯೋಗ. ಗಿನಿಪಿಗ್‌ಗೆ ಸಾಮಾನ್ಯವಾಗಿ ಬರುವ ಟ್ರೈಕೊಫೈಟಾನ್ ಜಾತಿಯ ಫಂಗಸ್ ಅದರಡಿ ಹೊಳೆಯುವುದೇ ಇಲ್ಲ. ಖಚಿತವಾಗಬೇಕಾದರೆ ಕೂದಲು, ಹಕ್ಕಳೆ ತೆಗೆದು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ ಎರಡು ಮೂರು ವಾರ ಹಿಡಿಯಬಹುದು. ಚಿಕಿತ್ಸೆಯೂ ವಾರಗಟ್ಟಲೆ. ಮೇಲೆ ಹಚ್ಚುವ ಔಷಧಿ, ಜಾಸ್ತಿ ಇದ್ದರೆ ಬಾಯಿಗೆ ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್. ಕೂದಲು ಬಂತೆಂದು ಮಧ್ಯದಲ್ಲಿ ಬಿಡಬಾರದು.

ಅರ್ಧ ಕೆಲಸ ಗೂಡಿನದ್ದು. ಉದುರಿದ ಕೂದಲಿನಲ್ಲಿ ಫಂಗಸ್ ಕಣಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಪ್ರಾಣಿಯನ್ನು ಬೇರೆ ಕೋಣೆಗೆ ಕಳಿಸಿ. ಹಾಸನ್ನೆಲ್ಲ ಎಸೆಯಿರಿ. ಸೋಪು ನೀರಿನಲ್ಲಿ ಕೊಳೆ ತೆಗೆದು, ಆಮೇಲೆ ನೀರು ಬೆರೆಸಿದ ಬ್ಲೀಚಿನಿಂದ ಒರೆಸಿ, ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ. ಮರದ ಮನೆ, ಮರದ ಆಟಿಕೆ ಇದ್ದರೆ ಬಿಸಾಡುವುದೇ ವಾಸಿ. ಮರದ ಬಿರುಕಿನಿಂದ ಫಂಗಸ್ ತೆಗೆಯಲು ಹೋಗಿ ನಾನು ಸೋತಿದ್ದೇನೆ.

ತುರಿಕೆ ಇಲ್ಲ, ಎರಡೂ ಪಕ್ಕೆ ಒಂದೇ ಸಮ ಬೋಳು

ಹೆಣ್ಣು, ವಯಸ್ಸು ಒಂದೆರಡು ವರ್ಷ ದಾಟಿದೆ, ಎರಡೂ ಪಕ್ಕೆಗಳಲ್ಲಿ ಕನ್ನಡಿ ಹಿಡಿದಂತೆ ಒಂದೇ ಥರ ಕೂದಲು ಹೋಗಿದೆ, ಚರ್ಮ ಮಾತ್ರ ನುಣ್ಣಗಿದೆ. ಹೀಗಿದ್ದರೆ ತೊಂದರೆ ಚರ್ಮದ್ದಲ್ಲ, ಅಂಡಾಶಯದ್ದು. ಅಲ್ಲಿ ನೀರುಗುಳ್ಳೆಗಳು ಬೆಳೆದು ಹಾರ್ಮೋನ್ ಏರುಪೇರಾಗಿರುತ್ತದೆ. ಕೆಲವಕ್ಕೆ ಹೊಟ್ಟೆ ಉಬ್ಬುತ್ತದೆ, ಮೊಲೆತೊಟ್ಟಿನ ಮೇಲೆ ಹಕ್ಕಳೆ ಕಟ್ಟುತ್ತದೆ, ಜೊತೆಗಾತಿಯ ಮೇಲೆ ಸುಮ್ಮಸುಮ್ಮನೆ ಜಗಳ. ಇದಕ್ಕೆ ಯಾವ ಮುಲಾಮೂ ನಾಟುವುದಿಲ್ಲ. ಸ್ಕ್ಯಾನ್ ಮಾಡಿಸಿ. ಶಸ್ತ್ರಚಿಕಿತ್ಸೆ ಇದೆ, ಹಾರ್ಮೋನ್ ಚುಚ್ಚುಮದ್ದೂ ಇದೆ. ಯಾವುದು ಎಂಬುದು ವಯಸ್ಸು, ಆರೋಗ್ಯದ ಮೇಲೆ.

ಕತ್ತರಿಯಲ್ಲಿ ಕತ್ತರಿಸಿದಂತಿದ್ದರೆ

ಚರ್ಮ ಚೆನ್ನಾಗಿದೆ, ಕೂದಲು ಮಾತ್ರ ಮೋಟು ಮೋಟು. ಇದು ಹಲ್ಲಿನ ಕೆಲಸ. ತಾನೇ ಅಗಿದುಕೊಂಡಿದ್ದರೆ ತಲೆ, ಕುತ್ತಿಗೆಯ ಕೂದಲು ಹಾಗೇ ಇರುತ್ತದೆ, ಅಲ್ಲಿಗೆ ಅದರ ಬಾಯಿ ಎಟುಕುವುದಿಲ್ಲ. ಅಲ್ಲೂ ಮೋಟಾಗಿದ್ದರೆ ಜೊತೆಯದ್ದು ಅಗಿದಿದೆ. ಒಣಹುಲ್ಲು ಸಾಲದಿರುವುದು, ಜಾಗ ಇಕ್ಕಟ್ಟು, ಬೇಸರ ಇವೇ ಕಾರಣ. ಹಗಲೂ ರಾತ್ರಿ ಮುಗಿಯದಷ್ಟು ಒಣಹುಲ್ಲು ಹಾಕಿ, ಅಡಗಲು ಎರಡು ಮೂರು ಜಾಗ ಮಾಡಿ. ಆದರೂ ನಿಲ್ಲದಿದ್ದರೆ ನಡುವೆ ಜಾಲರಿ ಇಟ್ಟು ಬೇರೆ ಮಾಡಿ.

ಕೂದಲು ಒರಟು, ಪ್ರಾಣಿ ಮಂಕು: ವಿಟಮಿನ್ ಸಿ ಲೆಕ್ಕ ಹಾಕಿ

ನಾಯಿ, ಬೆಕ್ಕು ತಮ್ಮ ವಿಟಮಿನ್ ಸಿಯನ್ನು ತಾವೇ ಮೈಯಲ್ಲಿ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್‌ಗೆ ಆಗುವುದಿಲ್ಲ, ನಮ್ಮ ಹಾಗೇ. ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಗಬ್ಬದ ಹೆಣ್ಣಿಗೆ ಇನ್ನೂ ಜಾಸ್ತಿ. ಕೊರತೆಯಾದರೆ ಎರಡು ವಾರದಲ್ಲೇ ಗೊತ್ತಾಗುತ್ತದೆ. ಕೂದಲು ಕಳೆಗುಂದುತ್ತದೆ, ಗಾಯ ಒಣಗುವುದಿಲ್ಲ, ಕೀಲು ನೋವಿನಿಂದ ನಡೆಯಲು ಹಿಂಜರಿಯುತ್ತದೆ.

ನೀರಿನ ಬಾಟಲಿಗೆ ವಿಟಮಿನ್ ಹನಿ ಹಾಕುವುದು ಎಲ್ಲರೂ ಮಾಡುವ ತಪ್ಪು. ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ. ರುಚಿ ಬದಲಾಯಿತೆಂದು ಕೆಲವು ನೀರು ಕುಡಿಯುವುದನ್ನೇ ಬಿಡುತ್ತವೆ. ಸುಮಾರು 20 ಗ್ರಾಂ ಕೆಂಪು ಕ್ಯಾಪ್ಸಿಕಂ ತುಂಡು ಕೊಟ್ಟರೆ ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಪೆಲೆಟ್, ಅಂದರೆ ಅಂಗಡಿಯ ಗುಳಿಗೆಯಂಥ ಒಣ ಆಹಾರ ಹಾಕುತ್ತಿದ್ದರೆ, ಪೊಟ್ಟಣದ ಮೇಲೆ ತಯಾರಾದ ತಾರೀಖು ನೋಡಿ. ಮೂರು ತಿಂಗಳಾದ ಮೇಲೆ ಅದರಲ್ಲಿರುವ ವಿಟಮಿನ್ ಸಿಯನ್ನು ನಂಬಿ ಕೂರಬೇಡಿ.

ಅಂಗಾಲು, ಹೊಟ್ಟೆಯ ಅಡಿ

ತಂತಿ ನೆಲ, ಒದ್ದೆ ಹಾಸು, ಮಿತಿಮೀರಿದ ತೂಕ. ಈ ಮೂರರಲ್ಲಿ ಒಂದಿದ್ದರೂ ಅಂಗಾಲು ಕೆಂಪಾಗಿ, ಊದಿ, ಹುಣ್ಣಾಗುತ್ತದೆ. ಕೆಂಪಗಿದ್ದಾಗಲೇ ಮೆತ್ತನೆಯ ಒಣ ಹಾಸು ಹಾಕಿ. ಹುಣ್ಣಾದ ಮೇಲೆ ಮೂಳೆಯವರೆಗೂ ಇಳಿಯಬಲ್ಲದು, ಗುಣವಾಗಲು ತಿಂಗಳುಗಳು ಬೇಕು. ಹೊಟ್ಟೆಯ ಅಡಿ ಮೂತ್ರ ತಾಗಿ ಸುಟ್ಟಂತಾಗಿದ್ದರೆ ಹಾಸು ಬದಲಾಯಿಸುವುದರ ಜೊತೆಗೆ ಮೂತ್ರಕೋಶದ ಕಲ್ಲನ್ನೂ ಪರೀಕ್ಷಿಸಲು ಹೇಳಿ.

ಇವನ್ನು ಮಾಡಲೇಬೇಡಿ

ಎಲ್ಲಕ್ಕಿಂತ ಮೊದಲು: ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕೊಡಬೇಡಿ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಕ್ಲಿಂಡಮೈಸಿನ್ ಬಾಯಿಗೆ ಹೋದರೆ ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ವಿಷ ಹರಡಿ, ಪ್ರಾಣಿ ಕೆಲವೇ ದಿನಗಳಲ್ಲಿ ಸಾಯಬಹುದು. ಮೈಗೆ ಹಚ್ಚಿದ ಮುಲಾಮನ್ನೂ ಅದು ನೆಕ್ಕುತ್ತದೆ, ಅಂದರೆ ಅದೂ ಬಾಯಿಗೆ ಹೋದಂತೆಯೇ. ತುರಿಕೆ ನಿಲ್ಲಲಿ ಎಂದು ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಹುಳುಕಡ್ಡಿ ಇನ್ನಷ್ಟು ಹಬ್ಬುತ್ತದೆ. ನಾಯಿಯ ಉಣುಗಿನ ಔಷಧಿ, ಟೀ ಟ್ರೀ ಎಣ್ಣೆ ಬೇಡ. ಪದೇ ಪದೇ ಸ್ನಾನವೂ ಬೇಡ, ಚರ್ಮ ಒಣಗಿ ತುರಿಕೆ ಹೆಚ್ಚುತ್ತದೆ, ಚಳಿಗೆ ಪ್ರಾಣಿ ನಡುಗುತ್ತದೆ.

ವೈದ್ಯರ ಹತ್ತಿರ ಹೋಗುವಾಗ

ಫಿಟ್ಸ್, ಮುಟ್ಟಿದರೆ ಕಿರುಚಾಟ, ಕೀವು, ಕೆಟ್ಟ ವಾಸನೆ, ಒಂದೇ ವಾರದಲ್ಲಿ 50 ಗ್ರಾಂಗಿಂತ ಜಾಸ್ತಿ ತೂಕ ಇಳಿದದ್ದು, ಇವುಗಳಲ್ಲಿ ಏನಿದ್ದರೂ ನಾಳೆ ಎನ್ನಬೇಡಿ. ಅರ್ಧ ದಿನ ಏನೂ ತಿನ್ನದಿದ್ದರಂತೂ ಚರ್ಮದ ಮಾತು ಪಕ್ಕಕ್ಕಿಡಿ, ಮೊದಲು ಹೊಟ್ಟೆ ಉಳಿಸಬೇಕು. ಮೊಲ, ಗಿನಿಪಿಗ್‌ಗಳನ್ನು ನೋಡಿ ಅಭ್ಯಾಸ ಇರುವ ವೈದ್ಯರು ಸಿಕ್ಕರೆ ಒಳ್ಳೆಯದು. ತೂಕದ ಚೀಟಿ, ಫೋಟೊಗಳು, ಪೆಲೆಟ್ ಪೊಟ್ಟಣ ಜೊತೆಗಿರಲಿ. ಗೂಡಿನ ಸಂಗಾತಿಯನ್ನೂ ಒಯ್ಯಿರಿ. ಅದನ್ನೂ ಪರೀಕ್ಷಿಸಬೇಕಾಗುತ್ತದೆ, ಜೊತೆಗೆ ದಾರಿಯಲ್ಲಿ ಒಂದಕ್ಕೊಂದು ಧೈರ್ಯ.

ಔಷಧಿ ಶುರುವಾದ ಮೇಲೆ ವಾರಕ್ಕೊಮ್ಮೆ ಅದೇ ಜಾಗದ ಫೋಟೊ, ಅದೇ ಬೆಳಕಿನಲ್ಲಿ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲು ಹಕ್ಕಳೆ ಉದುರುತ್ತದೆ, ಆಮೇಲೆ ಚರ್ಮದ ಕೆಂಪು ಹೋಗುತ್ತದೆ, ಕೆಲವು ವಾರ ಬಿಟ್ಟು ಪೀಚ್ ಹಣ್ಣಿನ ಸಿಪ್ಪೆ ಮೇಲಿನಂಥ ಸಣ್ಣ ನವಿರು ಕಾಣಿಸುತ್ತದೆ. ಉಗುರಿನಿಂದ ಕೆದಕಿ ನೋಡಬೇಡಿ, ಬರುತ್ತಿದೆ.